ಕುರ್ಲಾಕ್ಕೆ ಬಂದ ಮೇಯರ್ ಮೌಶಿ

ಹೋದ ವಾರ ನಮ್ಮ ಬಿಲ್ಡಿಂಗಿನ ನೀರಿನ ಟಾಕಿ ತೊಳೆದರು. ನಳ ತಿರುಗಿಸಿದ ಕೂಡಲೇ ಬ್ಲೀಚಿಂಗ್ ಪೌಡರಿನ ವಾಸನೆ ಮೂಗಿಗೆ ಅಡರಿತು... ಕುರ್ಲಾದ ಚಾಳಿನಲ್ಲಿ ನನ್ನ ಪಕ್ಕದ ಖೋಲಿಯಲ್ಲಿದ್ದ ಮೌಶಿ ನೆನಪಾದರು. ನೀರನ್ನು ಮೊದಲು ಮೂಸಿ, ಆಮೇಲೆ ಕುಡಿಯುತ್ತಿದ್ದವರು ಅವರೊಬ್ಬರೇ.

ನಮ್ಮ ಉತ್ತರ ಕರ್ನಾಟಕದ ಒಂದು ಊರಿಗೆ ಅವರು ಮೇಯರ್ ಆಗಿದ್ದರು. ಕೆರೆಯ ಜಾಗವನ್ನು ಪುಢಾರಿಯೊಬ್ಬನ ಕಟ್ಟಡಕ್ಕೆ ಬಿಟ್ಟುಕೊಡುವ ಠರಾವಿಗೆ ಸಹಿ ಹಾಕಲಿಲ್ಲ. ಮೊದಲು ಮನೆಯ ಮೇಲೆ ಕಲ್ಲು ಬಿದ್ದವು. ಆಮೇಲೆ ಗಲಭೆ ಎಬ್ಬಿಸಿದರೆಂಬ ಸುಳ್ಳು ಕೇಸು; ಕೊನೆಗೆ, ಒಂದು ವರ್ಷ ಜಿಲ್ಲೆಯೊಳಗೆ ಕಾಲಿಡಬಾರದೆಂದು ಗಡಿಪಾರಿನ ಆದೇಶ. ಪಾಲಿಕೆಯ ಕಾರಿನಲ್ಲಿ ಓಡಾಡಿದವರು ಒಂದು ಟ್ರಂಕು ಹಿಡಿದು ತಮ್ಮನ ಖೋಲಿಗೆ ಬಂದರು. ಚಾಳಿನ ಮರಾಠಿ ಬಾಯಲ್ಲಿ ಮೇಯರ್ ಮೌಶಿ, ಅಂದರೆ ಮೇಯರ್ ಚಿಕ್ಕಮ್ಮ, ಆದರು.

ಕೂತಲ್ಲಿ ಕೂರುವ ಜೀವವಲ್ಲ ಅದು. ಬೆಳಿಗ್ಗೆದ್ದರೆ ಗಟಾರ ನೋಡುವರು. ಕಸದ ಗಾಡಿ ಬರದಿದ್ದರೆ, ಆಗಷ್ಟೇ ನೌಕರಿಗೆ ಸೇರಿದ್ದ ನನ್ನನ್ನು ಹಿಡಿದು ಕೂಡಿಸಿ ಮರಾಠಿಯಲ್ಲಿ ಅರ್ಜಿ ಬರೆಸುವರು. ಶನಿವಾರ ದಾದರ್ ಸ್ಟೇಷನ್ನಿಗೆ ಹೋಗಿ, ನಮ್ಮ ಕಡೆ ಹೊರಡುವ ಗಾಡಿಯ ಪಕ್ಕ ನಿಂತು, ಅದು ಹೋದ ಮೇಲೆ ಲೋಕಲ್ ಹಿಡಿದು ಮರಳುವರು. ದಿನವೂ ಊರಿನಲ್ಲಿ ನೀರು ಬಿಡುವ ವಾಲ್ವ್‌ಮನ್‌ಗೆ ಫೋನ್ ಮಾಡಿ, ಯಾವ ಓಣಿಗೆ ಬಿಟ್ಟೆ, ಎಲ್ಲಿ ಪೈಪು ಒಡೆದಿದೆ ಎಂದು ವಿಚಾರಿಸುವರು. ಇಲ್ಲಿ ಕೂತು ಅದನ್ನು ತಿಳಿದು ಮಾಡುವುದೇನು ಎಂದು ತಮ್ಮ ಗೊಣಗುತ್ತಿದ್ದ...

ಹತ್ತನೆಯ ತಿಂಗಳಲ್ಲಿ ಒಂದು ಬೆಳಿಗ್ಗೆ ವಾಲ್ವ್‌ಮನ್‌ನ ಹೆಂಡತಿ ಫೋನ್ ಎತ್ತಿದಳು. ಮೌಶಿಯೊಂದಿಗೆ ಮಾತಾಡುತ್ತಾನೆಂದು ಅವನನ್ನು ಕೆಲಸದಿಂದ ತೆಗೆದಿದ್ದರು. ಮೌಶಿ ಎರಡು ದಿನ ಆ ಸಣ್ಣ ಖೋಲಿಯಲ್ಲೇ ಅಡ್ಡಾಡಿದರು. ಮೂರನೆಯ ದಿನ ಚೀಲ ತುಂಬಿದರು.

ಇನ್ನೆರಡೇ ತಿಂಗಳು, ಈಗ ಹೋದರೆ ಹಿಡಿದು ಒಳಗೆ ಹಾಕುತ್ತಾರೆ ಎಂದು ನಾನು ಬಾಗಿಲಿಗೆ ಅಡ್ಡ ನಿಂತೆ.

“ನಾ ಇಲ್ಲೆ ಚಾ ಕುಡಕೋತ ಕುಂತೀನಿ. ಅಂವಾ ನನ್ನ ಸಲುವಾಗಿ ಕೆಲಸಾ ಕಳಕೊಂಡು ಮನ್ಯಾಗ ಕುಂತಾನ,” ಅಂದರು. “ಎರಡು ತಿಂಗಳು ಅವನ ಮಕ್ಕಳು ಏನ ತಿನಬೇಕವ್ವಾ?”

ಊರು ಮುಟ್ಟಿದವರೇ ಪಾಲಿಕೆಯ ಬಾಗಿಲಲ್ಲಿ ವಾಲ್ವ್‌ಮನ್‌ನನ್ನು ಪಕ್ಕಕ್ಕೆ ಕೂಡಿಸಿಕೊಂಡು ಕೂತರಂತೆ. ಮಧ್ಯಾಹ್ನದ ಹೊತ್ತಿಗೆ ಪೊಲೀಸರು ಒಯ್ದರು. ಅಷ್ಟರಲ್ಲಿ ಕೊಡ ಹಿಡಿದ ಹೆಂಗಸರು ರಸ್ತೆ ತುಂಬಿದ್ದರು. ವಾರದೊಳಗೆ ಅವನಿಗೆ ಕೆಲಸ ಮರಳಿತು. ಮೌಶಿಗೆ ಕೆಲ ದಿನ ಜೈಲು, ಮತ್ತೊಂದು ವರ್ಷದ ಗಡಿಪಾರು.

ಪುನಃ ಕುರ್ಲಾ, ಗಟಾರ, ಅರ್ಜಿ, ದಾದರ್... ಫೋನ್ ಮಾತ್ರ ಮಾಡಲಿಲ್ಲ, ಅವನಿಗೆ ತೊಂದರೆಯಾದೀತೆಂದು. ಆದೇಶ ಮುಗಿಯಲು ಹನ್ನೊಂದು ದಿನ ಉಳಿದಿದ್ದಾಗ ಎದೆನೋವು ಬಂತು, ಆಸ್ಪತ್ರೆ ಮುಟ್ಟಲಿಲ್ಲ. ತಮ್ಮ ಅವರನ್ನು ಊರಿಗೆ ಒಯ್ದ. ಹೆಣಕ್ಕೆ ಯಾರ ಪರವಾನಗಿಯೂ ಬೇಕಾಗಲಿಲ್ಲ.

ಈಗ ಆ ಚಾಳೂ ಇಲ್ಲ, ಅಲ್ಲಿ ಟವರ್ ಎದ್ದಿದೆ. ಅವತ್ತು ನಿಮ್ಮನ್ನು ತಡೆದದ್ದು ತಪ್ಪಾಯಿತು ಎಂದು ಮೌಶಿಗೆ ಒಂದು ಮಾತು ಹೇಳಬೇಕಿತ್ತು. ಸುಮಾರು ಒಂದು ವರ್ಷ ಅವರು ಗೋಡೆಯಾಚೆಗೇ ಇದ್ದರು. ನಾನು ಹೇಳಲಿಲ್ಲ.