ಪಿಸುಮಾತಣ್ಣನ ಗುಟ್ಟಿನ ಸಂಘ

ಪಿಸುಗುಟ್ಟುವುದೊಂದನ್ನು ಬಿಟ್ಟು ಮಿಕ್ಕೆಲ್ಲ ಬರುತ್ತಿದ್ದುದರಿಂದ ಅವನಿಗೆ ಪಿಸುಮಾತಣ್ಣ ಎಂದು ಹೆಸರಿಟ್ಟಿದ್ದರು. ಲೋಹ ಕರಗಿಸುವ ಕಾರ್ಖಾನೆಯಲ್ಲಿ ಕೆಲಸ. ಕುಲುಮೆಗೆ ಗಾಳಿ ಊದುವ ಯಂತ್ರದ ಅಬ್ಬರಕ್ಕೆ ಅಲ್ಲಿಯವರ ಕಿವಿಯೆಲ್ಲ ಮಂದ. ಕೆಲಸದ ಹೊತ್ತಿನಲ್ಲಿ ಕೈಸನ್ನೆಯೇ ಮಾತು: ಮುಷ್ಟಿ ಎತ್ತಿದರೆ ನಿಲ್ಲಿಸು, ಹಣೆ ಮುಟ್ಟಿಕೊಂಡರೆ ಒಪ್ಪಿಗೆ. ಮನೆಗೆ ಬಂದ ಮೇಲೆ ಬಾಯಿ, ಅದೂ ಊರಿಗೆಲ್ಲ ಕೇಳುವಷ್ಟು.

ಅಂಥವರು ಗುಟ್ಟಾಗಿ ಕಾರ್ಮಿಕ ಸಂಘ ಕಟ್ಟಲು ಹೊರಟರು. ಪಿಸುಮಾತಣ್ಣನ ಮನೆಯಲ್ಲೇ ಸಭೆ. ಬಾಗಿಲು ಹಾಕಿ, ಕಿಟಕಿಗೆ ಕಂಬಳಿ ಇಳಿಬಿಟ್ಟು, ಗೋಡೆಗೂ ಕಿವಿಯಿದೆ ಎಂದು ಒಬ್ಬರನ್ನೊಬ್ಬರು ಎಚ್ಚರಿಸಿದರು. ಆ ಎಚ್ಚರಿಕೆಯೇ ಬೀದಿಯ ಕೊನೆಯವರೆಗೂ ಕೇಳಿಸಿತು. ನೀರಿಗೆ ಹೋಗಿದ್ದ ಅವನ ಹೆಂಡತಿಗೆ ನಲ್ಲಿಯ ಹತ್ತಿರದ ಹೆಂಗಸರು, ನಿಮ್ಮ ಯಜಮಾನರು ಅಧ್ಯಕ್ಷರಂತಲ್ಲ ಎಂದು ಹೇಳಿ ಸಂತೋಷಪಟ್ಟರು.

ಮ್ಯಾನೇಜರಿಗೂ ಸುದ್ದಿ ಮುಟ್ಟಿತು. ಸಂಘದ ಮಾತೆತ್ತಿದವನಿಗೆ ಗೇಟಿನ ದಾರಿ ಎಂದು ಹೇಳಿ ಕಳಿಸಿದ. ಎಲ್ಲರೂ ಒಂದಾದರೆ ಅವನ ಆಟ ನಡೆಯುತ್ತಿರಲಿಲ್ಲ. ಕುಲುಮೆ ಆರಿದರೆ ಒಳಗಿನ ಲೋಹ ಹೆಪ್ಪುಗಟ್ಟಿ ಕುಲುಮೆಯೇ ಹಾಳು. ಆದರೆ ಒಬ್ಬ ಜಾರಿದರೆ ಉಳಿದವರೂ ಜಾರುತ್ತಾರೆ, ಆಗ ಪಿಸುಮಾತಣ್ಣನ ಕೆಲಸ ಹೋಯಿತೆಂದೇ ಲೆಕ್ಕ.

ಬೆಳಿಗ್ಗೆ ಊಟದ ಡಬ್ಬಿ ಕೊಡುತ್ತ ಹೆಂಡತಿ ಹೇಳಿದಳು: "ಅಲ್ಲಿ ಕೈಯಲ್ಲೇ ಮಾತಾಡ್ತೀರಲ್ಲ, ಸಂಘಾನೂ ಕೈಯಲ್ಲೇ ಕಟ್ಟಿ. ಬಾಯಿಗೆ ಮಾತ್ರ ಬೀಗ ಹಾಕ್ಕೊಳ್ಳಿ."

ಮ್ಯಾನೇಜರ್ ಅಂದು ಕುಲುಮೆಯ ಮುಂದೆ ತಾನೇ ಕಾವಲು ನಿಂತಿದ್ದ. ಪಿಸುಮಾತಣ್ಣ ಎರಡೂ ಕೈ ಹೆಣೆದು ತೋರಿಸಿ, ಒಂದಾಗೋಣವೇ ಎಂದು ಕೇಳಿದ. ಒಂದೊಂದೇ ಕೈ ಹಣೆಗೇರಿತು. ಬಡಪಾಯಿಗಳು ಬೆವರು ಒರೆಸಿಕೊಳ್ಳುತ್ತಿದ್ದಾರೆ ಎಂದುಕೊಂಡ ಮ್ಯಾನೇಜರ್. ಉಳಿದವನು ಪಿಸುಮಾತಣ್ಣನ ಬಾಮೈದ ಒಬ್ಬನೇ. ತನ್ನ ನೆರಳಿಗೇ ಹೆದರುವ ಆಸಾಮಿ, ಮ್ಯಾನೇಜರನ್ನೇ ನೋಡುತ್ತ ನಿಂತುಬಿಟ್ಟಿದ್ದ. ಸ್ವಂತ ಅಕ್ಕನ ಮನೆಯ ಅನ್ನಕ್ಕೇ ಕಲ್ಲು ಹಾಕುತ್ತಾನಲ್ಲ ಎಂದು ಪಿಸುಮಾತಣ್ಣನಿಗೆ ಅಳುವೇ ಬಂತು. ಅಷ್ಟರಲ್ಲಿ ಶಾಖ ತಡೆಯಲಾರದೆ ಮ್ಯಾನೇಜರ್ ಅಂಗೈಯಿಂದ ಹಣೆ ಒರೆಸಿಕೊಂಡ. ಬಾಮೈದನ ಕೈ ಚಂಗನೆ ಹಣೆಗೆ ಹೋಯಿತು.

ಸಂಘ ಎದ್ದು ನಿಂತಿತು. ಪಿಸುಮಾತಣ್ಣ ನಿವೃತ್ತನಾಗುವವರೆಗೂ ಅಧ್ಯಕ್ಷನಾಗಿದ್ದು, ಪ್ರತಿ ಸಭೆಯಲ್ಲೂ ಬಾಮೈದನ ಗುಂಡಿಗೆಯನ್ನು ಕೊಂಡಾಡಿದ. ಬೀಳ್ಕೊಡುಗೆಯ ದಿನವೂ ಅದೇ ಹೊಗಳಿಕೆ ಶುರುವಾದಾಗ ಬಾಮೈದನಿಗೆ ನಾಚಿಕೆ ತಡೆಯಲಾಗಲಿಲ್ಲ. ಎದ್ದು ಬಂದು, ಮಂದ ಕಿವಿಗೆ ಬಾಯಿಟ್ಟು, ಇಡೀ ಸಭೆಗೆ ಕೇಳುವಂತೆ ಗುಟ್ಟು ಹೇಳಿದ:

"ಧೈರ್ಯ ಎಲ್ಲಿ ಬಂತು ಭಾವ? ಸಾಹೇಬ್ರೇ ಒಪ್ಕೊಂಡ ಮೇಲೆ ನಂದೇನು ಅಂತ ಕೈ ಎತ್ತಿದೆ."