ನಲ್ಲಿ ಮುಚ್ಚಿ ಧಿಕ್ಕಾರ ಕೂಗು

ಗುಡ್ಡದ ಬುಡದಲ್ಲಿ ಇಸ್ತ್ರಿ ಅಂಗಡಿ ಇಟ್ಟಿದ್ದ ಆಕೆಯನ್ನು ಊರಿಗೆ ಊರೇ ‘ಕಹಳೆ’ ಎಂದು ಕರೆಯುತ್ತಿತ್ತು. ಆ ಗಂಟಲಿಗೆ ಮೈಕಿನ ಹಂಗಿರಲಿಲ್ಲ. ವಿರೋಧ ಪಕ್ಷದ ಯಾವ ಮೆರವಣಿಗೆ ಹೊರಟರೂ ಮುಂದೆ ಕಹಳೆ, ಹಿಂದೆ ಜನ. ಅರ್ಧ ಘೋಷಣೆ ಅವಳದು, ಉಳಿದರ್ಧ ಅವರದು. ಅವಳು ‘ಪ್ರಧಾನಿಗೆ’ ಎಂದು ಬಾಯಿ ತೆರೆದರೆ ಸಾಕು, ನಿದ್ದೆಗಣ್ಣಲ್ಲಿದ್ದವರೂ ‘ಧಿಕ್ಕಾರ’ ಎನ್ನುತ್ತಿದ್ದರು. ಅಂಗಡಿಯಲ್ಲಿ ಮಾತ್ರ ಭೇದವಿರಲಿಲ್ಲ. ಎರಡೂ ಪಕ್ಷದವರ ಬಿಳಿ ಅಂಗಿಗಳು ಅವಳ ಮೇಜಿನ ಮೇಲೆ ಒಂದರ ಮೇಲೊಂದು ಮಲಗುತ್ತಿದ್ದವು. ಅಷ್ಟು ಸ್ನೇಹ ಅಂಗಿಯೊಳಗಿನವರಿಗೆ ಯಾವ ಕಾಲಕ್ಕೂ ಬರಲಿಲ್ಲ.

ಅವಳಿಗೆ ಇದ್ದದ್ದು ಒಂದೇ ಆಸೆ, ನಗರಸಭೆ ಚುನಾವಣೆಯ ಟಿಕೆಟ್. ಪ್ರತಿ ಸಲವೂ ಅದು ಯಾರದೋ ಭಾವಮೈದುನನ ಜೇಬು ಸೇರುತ್ತಿತ್ತು. ಕೂಗುವವಳು ಇವಳು, ಕೂರುವವನು ಇನ್ನೊಬ್ಬ. ಈ ಸಲ ಪಕ್ಷದ ಕಾರ್ಯದರ್ಶಿ ತಾನೇ ಅಂಗಡಿಗೆ ಬಂದ.

“ಗುಡ್ಡದ ಮೇಲಿನ ನೀರಿನ ಟ್ಯಾಂಕ್ ಉದ್ಘಾಟನೆಗೆ ಪ್ರಧಾನಿ ಬರ್ತಿದ್ದಾರೆ ಅಕ್ಕ. ಕಪ್ಪು ಬಾವುಟ ಹಿಡೀತೀವಿ. ನೀರು ಬರೀ ನಾಟಕ ಅಂತ ಊರು ನಡುಗೋ ಹಾಗೆ ಕೂಗಿಬಿಡಿ. ಟಿಕೆಟ್ ನಿಮ್ಮದೇ.”

ಹಿಗ್ಗಿನಲ್ಲಿ ಅವಳು ಅವನ ಅಂಗಿಗೆ ಎರಡು ಸಲ ಇಸ್ತ್ರಿ ಹಾಕಿದಳು.

ಮನೆಯಲ್ಲಿ ಕಥೆ ಬೇರೆ. ಅತ್ತೆ ಪ್ರಧಾನಿಯ ಪಕ್ಷ, ಸೊಸೆ ವಿರೋಧ ಪಕ್ಷ, ನಡುವೆ ಬಸ್ ಚಾಲಕ ಗಂಡ ಅಡಕತ್ತರಿಯಲ್ಲಿ ಸಿಕ್ಕ ಅಡಿಕೆ. ಅತ್ತೆಯ ಬೆನ್ನು ಬಿಲ್ಲಾಗಿತ್ತು. ಗುಡ್ಡದ ಮೇಲಿನ ಆ ಮನೆಗೆ ಬುಡದ ಬೀದಿ ನಲ್ಲಿಯಿಂದ ಕೊಡ ಹೊತ್ತು ಹತ್ತಿದ ಬೆನ್ನು ಅದು. ಸೊಸೆಯೂ ತುಂಬು ಬಸುರಿಯಾಗಿದ್ದಾಗ ಅದೇ ಮೆಟ್ಟಿಲು ಹತ್ತಿದವಳೇ. ‘ಗುಡ್ಡಕ್ಕೆ ನೀರು ಏರಿಸೋದು ಹುಡುಗಾಟವಾ’ ಎಂದು ಪ್ರಧಾನಿಯ ಪಕ್ಷದವರೇ ಗೊಣಗಿದ್ದರು. ಪ್ರಧಾನಿಯಮ್ಮ ಹಟ ಹಿಡಿದು ಪಂಪು ಕೂರಿಸಿದರು, ಪೈಪು ಎಳೆಸಿದರು. ಈಗ ಉದ್ಘಾಟನೆಗೂ ಮೊದಲೇ ಮನೆಮನೆಯ ಬಚ್ಚಲಲ್ಲೂ ನಲ್ಲಿಯಿತ್ತು, ನಲ್ಲಿಯಲ್ಲಿ ನೀರಿತ್ತು.

ಪ್ರಧಾನಿ ಬರುವ ದಿನ ಬೆಳಿಗ್ಗೆ ಕಹಳೆ ಬಚ್ಚಲಲ್ಲಿ ತಲೆಗೆ ನೀರು ಸುರಿದುಕೊಳ್ಳುತ್ತ ಘೋಷಣೆ ಅಭ್ಯಾಸ ಮಾಡುತ್ತಿದ್ದಳು. ಬಕೆಟ್ಟು ತುಂಬಿ ಹರಿಯುತ್ತಿತ್ತು. “ನೀರಿನ ನಾಟಕಕ್ಕೆ—” ಎಂದು ಅವಳು ಸ್ವರ ಏರಿಸುವಷ್ಟರಲ್ಲಿ ಅಡುಗೆಮನೆಯಿಂದ ಅತ್ತೆಯ ದನಿ ಬಂತು.

“ಮೊದಲು ನಲ್ಲಿ ಮುಚ್ಚು ಕಣೇ. ಆಮೇಲೆ ಧಿಕ್ಕಾರ ಕೂಗು.”

“ಅದು ರಾಜಕೀಯ ಅತ್ತೆ, ನಿಮಗೆ ಅರ್ಥ ಆಗಲ್ಲ.”

“ನನಗೆ ಆಗದೇ ಇರಬಹುದು. ನನ್ನ ಬೆನ್ನಿಗೆ ಆಗುತ್ತೆ.”

ಕಹಳೆ ನಲ್ಲಿ ಮುಚ್ಚಿದಳು. ನಾಚಿಕೆಯಾಯಿತು, ನಿಜವಾಗಿ ನಾಚಿಕೆಯಾಯಿತು. ಅದರ ಬೆನ್ನಿಗೇ ಟಿಕೆಟ್ಟೂ ನೆನಪಾಯಿತು.

ರಸ್ತೆಯ ಒಂದು ಬದಿಗೆ ಕಪ್ಪು ಬಾವುಟದವರು, ಇನ್ನೊಂದು ಬದಿಗೆ ಪ್ರಧಾನಿಯ ಕಡೆಯವರು. ಅವರ ಮುಂದೆಯೇ ಅತ್ತೆ ಸ್ಟೂಲು ಹಾಕಿಸಿಕೊಂಡು ಕೂತಿದ್ದಳು. ಕಾರುಗಳು ತಿರುವಿನಲ್ಲಿ ಕಂಡವು. ಕಾರ್ಯದರ್ಶಿ ಕಣ್ಸನ್ನೆ ಮಾಡಿದ. ಕಹಳೆ ಎದೆ ತುಂಬ ಉಸಿರೆಳೆದುಕೊಂಡಳು.

“ಗುಡ್ಡಕ್ಕೆ ನೀರು ತಂದ ಪ್ರಧಾನಿಗೆ—”

“ಧಿಕ್ಕಾರ!” ಎಂದಿತು ಜನ, ರೂಢಿಯಂತೆ.

ಅವಳು ತಿರುಗಿ ನಿಂತು ಸೊಂಟಕ್ಕೆ ಕೈಯಿಟ್ಟಳು. “ನೀರು ತಂದವರಿಗೆ ಧಿಕ್ಕಾರವಾ? ಬೆಳಿಗ್ಗೆ ಯಾವ ನೀರಲ್ಲಿ ಮುಖ ತೊಳೆದು ಬಂದ್ರಿ ಎಲ್ಲರೂ?”

ಹಿಂದಿದ್ದ ಹೆಂಗಸರಲ್ಲಿ ಯಾರೋ ಕಿಸಕ್ಕೆಂದರು. ಅವರೆಲ್ಲ ಗುಡ್ಡದವರೇ, ಕೊಡ ಹೊತ್ತವರೇ. ಕಾರ್ಯದರ್ಶಿ ಹಲ್ಲು ಕಚ್ಚಿ “ಅಕ್ಕ, ಟಿಕೆಟ್!” ಎಂದ. ಆದರೂ ಅವಳು ಇನ್ನೊಮ್ಮೆ ಕೂಗಿದಳು.

“ನೀರು ತಂದ ಪ್ರಧಾನಿಗೆ—”

“ಜೈ!”

ಅಂಥ ಜೈಕಾರ ಪ್ರಧಾನಿಯ ಪಕ್ಷದವರಿಂದಲೂ ಎಂದೂ ಹೊರಟಿರಲಿಲ್ಲ. ಎದುರು ಬದಿಯವರು ಬಿಟ್ಟ ಬಾಯಿ ಬಿಟ್ಟಂತೆ ನಿಂತರು. ಆದರೆ ಕಹಳೆ ಮುಗಿಸಿರಲಿಲ್ಲ. ಕಪ್ಪು ಬಾವುಟವನ್ನು ಇನ್ನಷ್ಟು ಎತ್ತಿ ಹಿಡಿದಳು.

“ಅಡುಗೆ ಎಣ್ಣೆ ಬೆಲೆ ಏರಿಸಿದ ಪ್ರಧಾನಿಗೆ—”

“ಧಿಕ್ಕಾರ!”

ಆ ಧಿಕ್ಕಾರದಲ್ಲಿ ಒಂದು ದನಿ ರಸ್ತೆಯ ಆಚೆಯಿಂದ ಬಂದಿತ್ತು. ಸ್ಟೂಲಿನ ಮೇಲಿನ ಅತ್ತೆಯದು! ಪಕ್ಷ ಪಕ್ಷವೇ, ಎಣ್ಣೆ ತರುವವಳು ಅವಳೇ ತಾನೆ. ಅತ್ತೆ ಸೊಸೆ ಮುಖ ಮುಖ ನೋಡಿಕೊಂಡು ನಕ್ಕುಬಿಟ್ಟರು. ಸೊಸೆಗೆ ಆ ಕ್ಷಣ ಆದ ಸಂತೋಷ ಯಾವ ಮೆರವಣಿಗೆಯಲ್ಲೂ ಆಗಿರಲಿಲ್ಲ.

ಕಾರು ನಿಧಾನವಾಯಿತು, ಗಾಜು ಇಳಿಯಿತು. “ಎರಡೂ ಕೇಳಿಸ್ತು!” ಎಂದು ಪ್ರಧಾನಿ ನಗುತ್ತ ಕೈ ಬೀಸಿದರು.

ಟಿಕೆಟ್ ಅಂದು ಸಂಜೆಯೇ ಎಂದಿನಂತೆ ಯಾರದೋ ಭಾವಮೈದುನನ ಪಾಲಾಯಿತು. ಅವನ ಮೊದಲ ಮೆರವಣಿಗೆಗೆ ಗುಡ್ಡದಿಂದ ಒಂದು ನರಪಿಳ್ಳೆಯೂ ಇಳಿಯಲಿಲ್ಲ. ಅವನೇ ಮುಂದೆ ನಿಂತು ಕೂಗಿದ, ಅವನೇ ಉತ್ತರ ಕೊಟ್ಟುಕೊಂಡ. “ಇದ್ದದ್ದು ಇದ್ದ ಹಾಗೆ ಹೇಳೋಳು ಬರಲಿ, ಬರ್ತೀವಿ” ಎಂದರು ಹೆಂಗಸರು.

ಪಕ್ಷಕ್ಕೆ ಕೆಟ್ಟ ಮೇಲೆ ಬುದ್ಧಿ ಬಂತು. ನಾಮಪತ್ರದ ಗಡುವು ಮುಗಿಯುವ ಮುನ್ನ ಕಾರ್ಯದರ್ಶಿ ಟಿಕೆಟ್ ಹಿಡಿದು ಗುಡ್ಡ ಹತ್ತಿ ಬಂದ. ಸುಡು ಬಿಸಿಲು. ಇಸ್ತ್ರಿ ಹಾಕಿದ ಬಿಳಿ ಅಂಗಿ ಬೆವರಿಗೆ ಬೆನ್ನಿಗಂಟಿತ್ತು. ಹೊಸ್ತಿಲಲ್ಲಿ ಮಾತು ಹೊರಡದೆ ಕಾಗದವನ್ನು ಕಹಳೆಯ ಕೈಗಿಟ್ಟು ಗಂಟಲು ತೋರಿಸಿದ. ಅತ್ತೆ ಲೋಟ ತುಂಬಿ ತಂದಳು. ಅವನು ಒಂದೇ ಗುಟುಕಿಗೆ ಕುಡಿದ.

“ಯಾರು ತಂದ ನೀರು ಅಂತ ಗೊತ್ತಾಯ್ತೇನಪ್ಪ?” ಎಂದಳು ಅತ್ತೆ.

ಅವನು ಸೊಸೆಯ ಮುಖ ನೋಡಿದ, ಅತ್ತೆಯ ಮುಖ ನೋಡಿದ, ಖಾಲಿ ಲೋಟ ನೋಡಿದ.

“ಗೊತ್ತಾಯ್ತು ಅಜ್ಜಿ,” ಎಂದ. “ಇನ್ನೊಂದು ಲೋಟ ಕೊಡಿ.”