ಬಸವಲಿಂಗ ಕೂರಿಸಿದ ದುರ್ಬೀನು

2003ರ ದಸರೆ ಮುಗಿದ ವಾರ, ಒಂದು ಬೆಳಿಗ್ಗೆ ಏಳು ಗಂಟೆ ಹತ್ತು ನಿಮಿಷಕ್ಕೆ, ಬಸವಲಿಂಗ ಪುಣೆ ಕಡೆಯ ಶಿರೂರಿನ ಆಚೆಯ ಪಾಳುಬಿದ್ದ ಕಲ್ಲುಗಣಿಯಲ್ಲಿ ಮರಳಿನ ಚೀಲಕ್ಕೆ ರೈಫಲ್ ಆನಿಸಿ, ಐವತ್ತು ಮೀಟರು ದೂರದ ರಟ್ಟಿಗೆ ಗುಂಡು ಹೊಡೆಯುತ್ತಿದ್ದ. ಮೊದಲನೆಯದು ಕಪ್ಪು ಬೊಟ್ಟಿನಿಂದ ಗೇಣುದೂರ ಎಡಕ್ಕೆ ಬಿತ್ತು. ಗುಂಡು ಬಲಕ್ಕೆ ಬರುವಂತೆ, ಗುರಿ ನೋಡಲು ರೈಫಲಿನ ಮೇಲೆ ಕೂರಿಸಿದ್ದ ದುರ್ಬೀನಿನ ತಿರುಪು ತಿರುಗಿಸಿದ. ಎರಡನೆಯದು ಇನ್ನೂ ಎಡಕ್ಕೆ ಹೋಯಿತು. ತಿರುಪು ಮುಟ್ಟದೆ ಹೊಡೆದ ಮೂರನೆಯದು ರಟ್ಟಿನ ಬಲಮೂಲೆಯನ್ನು ಹರಿಯಿತು.

"ಬಸಣ್ಣಾರ, ನಿಮ್ಮ ದುರ್ಬೀನು ಮುಂಜಾನೆನ ಕುಡದು ಬಂದದೇನ್ರಿ?" ಎಂದ ಮಧುಕರ.

ಅವನ ಅಣ್ಣ ಏಕನಾಥ ನಗಲಿಲ್ಲ. ಅವನು ಸೈನ್ಯದಿಂದ ನಿವೃತ್ತನಾಗಿ ಕಬ್ಬು ಬೆಳೆಯುತ್ತಿದ್ದವನು. ಊರಿನ ಕಬ್ಬಿನೊಳಗೆ ಸೇರಿಕೊಂಡ ಚಿರತೆ ಇಬ್ಬರು ಮಕ್ಕಳನ್ನು ಎಳೆದೊಯ್ದಿತ್ತು. ಅದನ್ನು ಹೊಡೆಯಲು ಅರಣ್ಯ ಇಲಾಖೆಯ ಅನುಮತಿ ಏಕನಾಥನ ಹೆಸರಿಗೆ ಬಂದಿತ್ತು. ಮುಸ್ಸಂಜೆಯಲ್ಲಿ ರೈಫಲಿನ ಹಳೆಯ ಕಬ್ಬಿಣದ ಗುರಿ ಅವನ ಐವತ್ತು ದಾಟಿದ ಕಣ್ಣಿಗೆ ಕಾಣುತ್ತಿರಲಿಲ್ಲ. ಹಾಗಾಗಿ ಈ ಹೊಸ ದುರ್ಬೀನು. ಗುಂಡು ತಪ್ಪಿ ಚಿರತೆಗೆ ಬರೀ ಗಾಯವಾದರೆ ಅದು ಕಬ್ಬಿಗೆ ನುಗ್ಗುತ್ತದೆ, ಹುಡುಕಿಕೊಂಡು ಹೋದವರು ವಾಪಸು ಬರುವ ಭರವಸೆ ಇರುವುದಿಲ್ಲ. ಇದು ಮೂವರಿಗೂ ಗೊತ್ತಿತ್ತು.

ಬಸವಲಿಂಗ ಬೈಲಹೊಂಗಲದವನು. ಧಾರವಾಡದಲ್ಲಿ ಬಿ.ಎಸ್ಸಿ. ಮುಗಿಸಿ, ಪ್ರಯೋಗಾಲಯದ ಕೆಲಸ ಹುಡುಕುತ್ತ ಪುಣೆಗೆ ಬಂದು, ಕೊನೆಗೆ ಅಲ್ಲಿನ ಕ್ಯಾಂಪ್ ಬಡಾವಣೆಯ ಬಂದೂಕಿನ ಅಂಗಡಿಯೊಂದರಲ್ಲಿ ರಿಪೇರಿಗೆ ನಿಂತಿದ್ದ. ಮನೆಯ ಮಿಕ್ಸರ್ ಕೆಟ್ಟರೂ ಮೊದಲು ಪ್ಲಗ್ಗು, ಆಮೇಲೆ ವೈರು, ಆಮೇಲೆ ಮೋಟಾರು ಎಂದು ಸಾಲಾಗಿ ನೋಡುವವನು. "ನಿಮ್ಮ ರಿಪೇರಿ ಮುಗಿಯೂದ್ರಾಗ ನಾ ಒಳ್ಳಿನಾಗ ಚಟ್ನಿ ಕುಟ್ಟಿ, ಉಂಡು, ಮಲಗಿ ಎದ್ದಿರ್ತೀನ್ರಿ" ಎಂದು ಹೆಂಡತಿ ರೇಣು ಕಾಡುತ್ತಿದ್ದಳು.

ಗಣಿಯಲ್ಲೂ ಸಾಲಾಗಿಯೇ ನೋಡಿದ. ತನ್ನ ಕೈಯೇ ನಡುಗುತ್ತಿದೆಯೋ ಎಂದು ಏಕನಾಥನಿಂದ ಹೊಡೆಸಿದ. ಗುಂಡು ಹಾಗೆಯೇ ಚೆಲ್ಲಾಡಿತು. ದುರ್ಬೀನು ತೆಗೆದಿಟ್ಟು ಹಗಲಿನ ಬೆಳಕಿನಲ್ಲಿ ಹಳೆಯ ಗುರಿ ನೋಡಿ ಹೊಡೆದ. ಗುಂಡುಗಳು ಒಂದರ ಪಕ್ಕ ಒಂದು ಬಿದ್ದವು. ಅಂದರೆ ನಳಿಗೆ ಸರಿ, ತೋಟಾ ಸರಿ. ದುರ್ಬೀನನ್ನು ಮತ್ತೆ ಅದನ್ನು ಹಿಡಿಯುವ ಉಕ್ಕಿನ ಬಳೆಗಳಲ್ಲಿ ಬಿಗಿದು, ಬಳೆಯ ಅಂಚಿಗೆ ಪೆನ್ಸಿಲಿನಿಂದ ಗೆರೆ ಎಳೆದು ಹೊಡೆದ, ಗೆರೆ ಕದಲಲಿಲ್ಲ. ಬಳೆಗಳ ಕೆಳಗೆ, ರೈಫಲ್ಲಿಗೆ ಎರಡು ಸ್ಕ್ರೂಗಳಿಂದ ಕೂತಿರುವ ಉಕ್ಕಿನ ಪಟ್ಟಿಯೊಂದೇ ನೋಡಲು ಉಳಿಯಿತು. ಸ್ಕ್ರೂಡ್ರೈವರ್ ಹಾಕಿ ತಿರುಗಿಸಿದ. ಎರಡೂ ಸ್ಕ್ರೂ ಕಲ್ಲಿನಂತೆ ಬಿಗಿಯಾಗಿದ್ದವು. ಹಾಗಾದರೆ ದೋಷ ದುರ್ಬೀನಿನ ಒಳಗೇ ಇರಬೇಕು ಎಂದುಕೊಂಡ.

"ಏಕನಾಥರಾವ್, ಒಂದಿನ ತಡೀರಿ. ಪುಣೆಯಿಂದ ಬ್ಯಾರೆ ದುರ್ಬೀನು ತರ್ತೀನಿ."

"ನಾಳೆ ಇನ್ನೊಂದು ಕೂಸು ಹೋದ್ರ? ಹೊಡೀರಿ ಇನ್ನೊಮ್ಮೆ."

ಹೊಡೆದ. ಈ ಸಲ ಮೂರು ಗುಂಡುಗಳೂ ಬೊಟ್ಟಿನ ಸುತ್ತ ಅಂಗೈಯಗಲದಲ್ಲಿ ಬಿದ್ದವು.

"ನೋಡ್ರಿ, ಅಮಲು ಇಳೀತು!" ಎಂದು ಮಧುಕರ ಚಪ್ಪಾಳೆ ತಟ್ಟಿದ.

"ಯಾಕ ಕೆಟ್ಟಿತ್ತು ಅಂತ ತಿಳೀಲಾರದ ಸರಿ ಆದದ್ದು, ಸರಿ ಆದಂಗ ಅಲ್ಲ" ಎಂದ ಬಸವಲಿಂಗ.

"ಭಾಳ ಓದೀರಿ ನೀವು" ಎಂದು ಏಕನಾಥ ರೈಫಲಿಗೆ ಕೈಚಾಚಿದ. ಬಸವಲಿಂಗ ಕೊಟ್ಟ.

ಅಂದು ಮುಸ್ಸಂಜೆ ಅಟ್ಟಣೆಯ ಮೇಲಿನಿಂದ ಏಕನಾಥ ಚಿರತೆಯ ಹೆಗಲಿಗೆ ಗುರಿಯಿಟ್ಟ. ಗುಂಡು ಹಿಂದಿನ ತೊಡೆಗೆ ತಗುಲಿತು. ಮರುದಿನ ಬೆಳಕು ಹರಿದ ಮೇಲೆ ರಕ್ತದ ಜಾಡು ಹಿಡಿದು ಕಬ್ಬಿನೊಳಗೆ ಹೋದವರಲ್ಲಿ ಮಧುಕರ ಮುಂದಿದ್ದ. ಚಿರತೆ ಅವನ ಮೇಲೆರಗಿತು. ಅವನನ್ನು ಜೀಪಿಗೆ ಹಾಕುವ ಹೊತ್ತಿಗೇ ಉಸಿರು ನಿಂತಿತ್ತು. ಚಿರತೆಯನ್ನು ಇಲಾಖೆಯವರು ಮಧ್ಯಾಹ್ನ ಕೊಂದರು.

ದಿನಕರ್ಮಗಳು ಮುಗಿದ ಮೇಲೆ ಬಸವಲಿಂಗ ಅವರ ಮನೆಗೆ ಹೋದ. ಏಕನಾಥ ರೈಫಲ್ ತಂದು ಚಾಪೆಯ ಮೇಲಿಟ್ಟು ಹೊಲದ ಕಡೆ ನಡೆದ. ತಾಯಿ ಕೃಷ್ಣಾಬಾಯಿ ಕಂಬಕ್ಕೊರಗಿ ಕೂತಿದ್ದಳು. ಅಕ್ಕಲಕೋಟೆ ಕಡೆಯ ತವರಿನ ಅವಳಿಂದಲೇ ಮಕ್ಕಳಿಬ್ಬರಿಗೂ ಕನ್ನಡ ಬಂದಿದ್ದು.

ಬಸವಲಿಂಗ ಈ ಸಲ ಪಟ್ಟಿಯನ್ನೇ ಬಿಚ್ಚಿದ. ಮುಂದಿನ ಸ್ಕ್ರೂ ಹೊರಬಂದಾಗ ಅದರ ತುದಿ ಕೆಂಪಗಿತ್ತು. ರಂಧ್ರದ ತಳಕ್ಕೆ ಸೂಜಿ ಹಾಕಿ ಕೆದಕಿದ. ಅರಗಿನಂತೆ ಗಟ್ಟಿಯಾದ ಕುಂಕುಮ ಪುಡಿಪುಡಿಯಾಗಿ ಅಂಗೈಗೆ ಉದುರಿತು. ಪ್ರತಿ ವರ್ಷ ಖಂಡೇನವಮಿಯ ಆಯುಧಪೂಜೆಯಂದು ಕೃಷ್ಣಾಬಾಯಿ ಎಣ್ಣೆಯಲ್ಲಿ ಕಲಸಿದ ಕುಂಕುಮವನ್ನು ರೈಫಲ್ಲಿಗೆ, ಖಾಲಿ ಬಿದ್ದಿದ್ದ ಸ್ಕ್ರೂ ರಂಧ್ರಗಳ ಮೇಲೂ, ಮೆತ್ತುತ್ತಿದ್ದಳು. ಆ ಮನೆಯಲ್ಲಿ ಅದನ್ನು ಯಾರೂ ಕೆರೆದು ತೆಗೆಯುವಂತಿರಲಿಲ್ಲ. ದುರ್ಬೀನು ಕೂರಿಸುವ ದಿನ ಅವನೂ ಸಂಕೋಚದಿಂದ ಮೇಲಷ್ಟೇ ಬಟ್ಟೆಯಲ್ಲಿ ಒರೆಸಿದ್ದ. ಸ್ಕ್ರೂ ಹೋಗಿ ಕುಂಕುಮಕ್ಕೆ ಒತ್ತಿ ನಿಂತಿತ್ತು. ಕೈಗೆ ಬಿಗಿ ಎನಿಸಿತ್ತು, ಪಟ್ಟಿಯನ್ನು ಮಾತ್ರ ಹಿಡಿದಿರಲಿಲ್ಲ. ಪ್ರತಿ ಗುಂಡಿನ ಪೆಟ್ಟಿಗೂ ಪಟ್ಟಿ ಕೂದಲೆಳೆಯಷ್ಟು ಸರಿದಿತ್ತು.

"ಏನಾಗಿತ್ತೋ ಯಪ್ಪಾ ಅದಕ?" ಕೃಷ್ಣಾಬಾಯಿ ಕೇಳಿದಳು. "ದೇವರಿಗೆ ಏನರೆ ಕಡಿಮಿ ಮಾಡಿದ್ನೇನು ನಾ?"

ಬಸವಲಿಂಗ ಮುಷ್ಟಿ ಮುಚ್ಚಿದ.

"ನೀವೇನೂ ಕಡಿಮಿ ಮಾಡಿಲ್ಲವ್ವಾ. ನಂದ ತಪ್ಪು. ಸ್ಕ್ರೂ ಉದ್ದ ಆಗಿತ್ತು, ನಾ ಅಳತಿ ನೋಡ್ಲಿಲ್ಲ."

ಅವಳು ಕಂಬ ಬಿಟ್ಟು ಮುಂದಕ್ಕೆ ಬಾಗಿದಳು.

"ಎಷ್ಟು ಉದ್ದ?"

"ಅರ್ಧ ಮಿಲಿಮೀಟರ್" ಎಂದ.